ಹೂಂ ಅನ್ನುವ ಊರಿನವಳು

ಗೋಕಾಕ

ನನ್ನ ಗೆಳತಿ ಕರುಣಾ ಮತ್ತು ಅವಳ ಗಂಡ ದೇವದಾನ ಥಾಯ್ಲೆಂಡಿನಲ್ಲಿ ಏನು ಕೆಲಸ ಮಾಡುತ್ತಾರೆ ಎಂಬುದು ನಮ್ಮ ಮೂರು ಊರುಗಳಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕರುಣಾಳ ತವರು ಮೂಡಲಗಿ. ಅಲ್ಲಿಯವರ ಲೆಕ್ಕದಲ್ಲಿ ಅವಳು ಇಂಗ್ಲಿಷ್ ಟೀಚರ್. ದೇವದಾನ ಹುಕ್ಕೇರಿಯವರು. ಅವರ ಅವ್ವ ಕೇಳಿದವರಿಗೆಲ್ಲ, "ನಮ್ಮ ಹುಡುಗ ದೊಡ್ಡ ದೊಡ್ಡ ಮಂದೀಗೆ ಮಾತಾಡೂದ ಕಲಸ್ತಾನ್ರಿ" ಎಂದು ಹೇಳುತ್ತಾರೆ. ಇದ್ದುದರಲ್ಲಿ ಆ ತಾಯಿಯ ಮಾತೇ ಸತ್ಯಕ್ಕೆ ಹತ್ತಿರ ಎಂದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು.

ಗೋಕಾಕದಲ್ಲಿ ನಮ್ಮ ಓಣಿಯವರಿಗೆ ಅವರ ಕೆಲಸಕ್ಕಿಂತ ಅವರು ಮಿಶನರಿಗಳು ಎಂಬುದೇ ಮುಖ್ಯ. ನಾನು ಅವರ ಮನೆಗೆ ಮೂರು ವಾರ ಹೋಗುತ್ತೇನೆ ಎಂದಾಗ ಬಾಜೂ ಮನೆಯವರು ದನಿ ತಗ್ಗಿಸಿ, ವಾಪಸು ಬರುವಾಗ ಯಾವ ಹೆಸರಿಟ್ಟುಕೊಂಡು ಬರುತ್ತೀರಿ ಎಂದು ಕೇಳಿದರು. ಕರುಣಾ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಹತ್ತು ವರ್ಷ ದಿನಾ ಬೆಳಿಗ್ಗೆ ಅವಳ ಪ್ರಾರ್ಥನೆ ನಾನು ಹಾಡಿದ್ದೇನೆ, ನನ್ನ ಡಬ್ಬಿಯ ಹೋಳಿಗೆ ಅವಳು ತಿಂದಿದ್ದಾಳೆ. ಹೆಸರು ಬದಲಾಗುವುದಿದ್ದರೆ ಆಗಲೇ ಆಗಬೇಕಿತ್ತು.

ನಮ್ಮ ಮನೆಯವರು ಗೋಕಾಕ ಕೋರ್ಟಿನಲ್ಲಿ ವಕೀಲರು. ಕೇಸು ಬಿಟ್ಟು ಬರಲು ಆಗುವುದಿಲ್ಲ ಎಂದು ನನ್ನೊಬ್ಬಳನ್ನೇ ಕಳಿಸಿದರು. ಒಂದು ಪೆಟ್ಟಿಗೆ ತುಂಬ ಜೋಳದ ಹಿಟ್ಟು, ಶೇಂಗಾ, ಕರದಂಟು. ಚಿಯಾಂಗ್ ಮಾಯ್ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಹಿಟ್ಟಿನ ಪಾಕೀಟು ಎತ್ತಿ ಬೆಳಕಿಗೆ ಹಿಡಿದು, ಮೂಸಿ, ಇದು ಏತಕ್ಕೆ ಎಂದು ಕೇಳಿದ. ನಾನು ಮಾತಿಗೆ ತಡಕಾಡಿ ಎರಡೂ ಕೈಯಿಂದ ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಅವನಿಗೂ ಬಡಿದು ತೋರಿಸಿದೆ. ಇಬ್ಬರೂ ಕೈಮುಗಿದು ಕಳಿಸಿಕೊಟ್ಟರು.

ಮೂರನೇ ಮಹಡಿ

ಕರುಣಾಳ ಮನೆ ಮೂರನೇ ಮಹಡಿಯಲ್ಲಿದೆ. ಕಟ್ಟಡದ ಮುಂದೆ ಕಂಬದ ಮೇಲೆ ಒಂದು ಪುಟ್ಟ ಗುಡಿ. ಆ ಜಾಗದ ದೇವತೆಗೆ ಅದು ಮನೆಯಂತೆ. ದಿನಾ ಅದರ ಮುಂದೆ ಕೆಂಪು ಸೋಡಾದ ಬಾಟಲಿ ಇಡುತ್ತಾರೆ, ಮುಚ್ಚಳ ತೆಗೆದು, ಒಳಗೆ ಸ್ಟ್ರಾ ಹಾಕಿ. ನಾವು ದ್ಯಾಮವ್ವನಿಗೆ ಇಷ್ಟು ಕಾಲ ನೈವೇದ್ಯ ಮಾಡಿದ್ದೇವೆ, ಆಕೆ ಹೇಗೆ ಕುಡಿಯುತ್ತಾಳೆ ಎಂದು ಒಮ್ಮೆಯೂ ವಿಚಾರ ಮಾಡಿಲ್ಲ.

ಗಂಡ ಹೆಂಡತಿ ಇಬ್ಬರೂ ಒಂದೇ ಸಂಸ್ಥೆಯಲ್ಲಿ ಭಾಷಾಶಾಸ್ತ್ರ ಕಲಿಸುತ್ತಾರೆ. ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳು ಮುಂದೆ ಗುಡ್ಡಗಾಡಿನ ಜನರ ನಡುವೆ ಹೋಗಿ ಇರುವವರು. ಲಿಪಿಯಿಲ್ಲದ ಮಾತನ್ನು ಕಿವಿಯಿಂದ ಹಿಡಿಯುವುದು, ಅದಕ್ಕೆ ಅಕ್ಷರ ಹೊಂದಿಸುವುದು, ಮಕ್ಕಳಿಗೆ ಮೊದಲ ಪುಸ್ತಕ ಮಾಡುವುದು, ಕಡೆಗೆ ಬೈಬಲ್ಲಿಗೆ ಕೈಹಾಕುವುದು. ಅದಕ್ಕೆ ಬೇಕಾದ ವಿದ್ಯೆಯನ್ನು ಹುಕ್ಕೇರಿಯ ಗಂಡ, ಮೂಡಲಗಿಯ ಹೆಂಡತಿ ಕಲಿಸುತ್ತಾರೆ.

ಹೊರಗೆ ಇಷ್ಟು ದೊಡ್ಡ ಕೆಲಸ ಮಾಡುವವರು ಮನೆಯಲ್ಲಿ ಹೇಗಿರುತ್ತಾರೆ ಎಂದು ನೋಡುವ ಆಸೆ ನನಗಿತ್ತು. ಕೆಲಸದವರಿಲ್ಲ. ಕರುಣಾ ಪಾತ್ರೆ ತೊಳೆದರೆ ದೇವದಾನ ಅಣ್ಣಾರು ಒರೆಸುತ್ತಾರೆ, ನಡುವೆ ಯಾವುದೋ ಸ್ವರ ಮೂಗಿನಿಂದ ಬರುತ್ತದೋ ಗಂಟಲಿನಿಂದ ಬರುತ್ತದೋ ಎಂದು ಜಗಳ. ಇಬ್ಬರೂ ಬಾಯಿ ತೆರೆದು ಆ ಸ್ವರ ಮಾಡಿ ತೋರಿಸುತ್ತಾರೆ. ಆಗ ತಟ್ಟೆಯಿಂದ ನೀರು ನೆಲಕ್ಕೆ ಸುರಿಯುತ್ತಿರುತ್ತದೆ. ಇಸ್ತ್ರಿಯೂ ಅಣ್ಣಾರದೇ. ಹುಕ್ಕೇರಿಯಲ್ಲಿ ಅವರ ಅವ್ವ ಇದನ್ನು ನೋಡಿದ್ದರೆ ನನ್ನ ಗೆಳತಿಯ ಗತಿ ಏನಾಗುತ್ತಿತ್ತೋ.

ಊಟಕ್ಕೆ ಮುಂಚೆ ಅಣ್ಣಾರು ಪ್ರಾರ್ಥನೆ ಮಾಡುತ್ತಾರೆ, ಕನ್ನಡದಲ್ಲೇ. ಅವರ ಪ್ರಾರ್ಥನೆ ನಮ್ಮ ಹುಕ್ಕೇರಿ ಬಸ್ಸಿನಂತೆ, ಕೈ ಮಾಡಿದವರಿಗೆಲ್ಲ ನಿಲ್ಲುತ್ತದೆ. ವಿದ್ಯಾರ್ಥಿಗಳು, ಅವರ ತಂದೆತಾಯಿ, ಊರಿನ ಚರ್ಚಿನ ಸಭೆಯವರು, ಕೆಳಗಿನ ಮನೆಯ ಹೆಂಗಸಿನ ಮೊಣಕಾಲು, ನಿಂತುಹೋದ ವಾಷಿಂಗ್ ಮಶೀನು. ಕರುಣಾ ಕಣ್ಣು ಮುಚ್ಚಿಕೊಂಡೇ ಸಾರಿನ ಮೇಲೆ ತಟ್ಟೆ ಮುಚ್ಚುತ್ತಾಳೆ. ಅವಳಿಗೆ ಎಷ್ಟು ಹೊತ್ತಾಗುತ್ತದೆಂದು ಗೊತ್ತು.

ಅದೇ ಕರುಣಾ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ತನ್ನ ಓದುವ ಟೇಬಲ್ಲಿನಿಂದ ಪುಸ್ತಕ ಎಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ನನ್ನ ಲಿಂಗಪೂಜೆಗೆ ಜಾಗ ಮಾಡಿಡುತ್ತಿದ್ದಳು. ಮಾಡಿಡು ಎಂದು ನಾನು ಹೇಳಿರಲಿಲ್ಲ.

ಒರಳು

ಎರಡನೆಯ ದಿನ ನಸುಕಿನಲ್ಲೇ ಎದ್ದು, ಸುಮ್ಮನೆ ಕೂರಲಾರದೆ ಶೇಂಗಾ ಚಟ್ನಿ ಕುಟ್ಟಿದೆ. ಅಲ್ಲಿ ಎಲ್ಲರ ಮನೆಯಲ್ಲೂ ಕಲ್ಲಿನ ಒರಳು ಇರುತ್ತದೆ. ನಮ್ಮದರ ತಂಗಿಯ ಹಾಗೆ, ಸ್ವಲ್ಪ ಗಿಡ್ಡ, ಗುಂಡಗೆ. ಖುಷಿಯಿಂದ ಕುಟ್ಟಿದೆ. ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಹೆಂಗಸು ಕೈಮುಗಿದು ನಿಂತಿದ್ದಳು. ನಗುನಗುತ್ತಾ ಏನೋ ಕೇಳಿದಳು, ಒಳಗಿನ ವಾಸನೆ ಮೂಸಿ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ನಾನು ಒಂದು ಬಟ್ಟಲು ಚಟ್ನಿ ಕೊಟ್ಟೆ. ಮತ್ತೆ ಕೈಮುಗಿದು ಹೋದಳು. ಎಂಥ ಸ್ನೇಹದ ಜನ ಎಂದು ನನಗೆ ಬಹಳ ಸಂತೋಷವಾಯಿತು.

ಎದ್ದು ಬಂದ ಕರುಣಾ ಎಲ್ಲ ಕೇಳಿ, ತಲೆಗೆ ಕೈ ಹಚ್ಚಿಕೊಂಡು, ಆಕೆ ಬಂದದ್ದು ಕುಟ್ಟುವುದನ್ನು ನಿಲ್ಲಿಸಿ ಎಂದು ಹೇಳಲು ಅಂದಳು. ಇಲ್ಲಿಯವರು ಹಾಗೇ. ಮುಖ ಕೆಡಿಸಿಕೊಂಡು ಯಾರಿಗೂ ಬೇಡ ಎನ್ನುವುದಿಲ್ಲ.

ನನಗೆ ನಾಚಿಕೆಯಾದರೂ ಒಳಗೊಳಗೇ ಹತ್ತಿರದವರು ಸಿಕ್ಕಂತಾಯಿತು. ನಮ್ಮಲ್ಲಿ ಯಾರು ಬೇಡ ಎನ್ನುತ್ತಾರೆ? ಮದುವೆಗೆ ಬರುವುದಿಲ್ಲ ಎಂದರೆ ಅದನ್ನು 'ಹೊಂದಿದ್ರ ಬರ್ತೀವ್ರಿ' ಎಂದು ಹೇಳುತ್ತೇವೆ. ಹೆಣ್ಣು ಕೊಡುವುದಿಲ್ಲ ಎಂದರೆ 'ಮನ್ಯಾಗ ಕೇಳಿ ಹೇಳ್ತೀವ್ರಿ' ಎನ್ನುತ್ತೇವೆ. 'ನೋಡೂಣ್ರಿ' ಎಂದರೆ ಇನ್ನು ಆ ಸುದ್ದಿ ಎತ್ತಬೇಡಿ ಎಂದು. ಕೇಳಿದವರಿಗೂ ತಿಳಿಯುತ್ತದೆ, ಹೇಳಿದವರಿಗೂ ತಿಳಿದಿರುತ್ತದೆ, ಚಹಾ ಕುಡಿದು ಎದ್ದು ಹೋಗುತ್ತಾರೆ.

ಕ್ಲಾಸಿನ ಖುರ್ಚಿ

ಕರುಣಾಳ ಕ್ಲಾಸಿಗೆ ಪ್ರತಿ ಸಲ ಒಬ್ಬ ಮಾತುಗಾರರು ಬೇಕು. ವಿದ್ಯಾರ್ಥಿಗಳಲ್ಲಿ ಯಾರಿಗೂ ಬಾರದ ಒಂದು ಭಾಷೆಯವರು. ಅವರನ್ನು ಮುಂದೆ ಕೂರಿಸಿ, ದಿನಾ ಪ್ರಶ್ನೆ ಕೇಳಿ ಕೇಳಿ, ಆ ಭಾಷೆ ಹೇಗೆ ನಡೆಯುತ್ತದೆಂದು ವಿದ್ಯಾರ್ಥಿಗಳೇ ಕಂಡುಹಿಡಿಯಬೇಕು. ಆ ಹೊತ್ತು ಟೀಚರುಗಳು ಒಳಗೆ ಕೂರುವಂತಿಲ್ಲ, ಹೊರಗೂ ಬಾಯಿ ಬಿಡುವಂತಿಲ್ಲ. ಈ ಸಲ ಬರಬೇಕಾಗಿದ್ದ ನೇಪಾಳದ ಹೆಣ್ಣುಮಗಳು ಕಾಲು ಮುರಿದುಕೊಂಡಳು. ಕರುಣಾ ನನ್ನತ್ತ ನೋಡಿದಳು. ಮನೆಯಲ್ಲಿ ಕುಳಿತು ಬೆಳಗಾತ ಕುಟ್ಟುವುದಕ್ಕಿಂತ ಇದು ವಾಸಿ ಎಂದು ಅವಳಿಗೂ ಅನ್ನಿಸಿರಬೇಕು.

ಕ್ಲಾಸಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ನಮ್ಮ ಮಠದ ಮುಂದಿನ ಹಾಗೆ. ನನಗೆ ಮೆತ್ತನೆಯ ಖುರ್ಚಿ, ಪಕ್ಕದಲ್ಲಿ ನೀರು. ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಕೇಳುವುದು, ನಾನು ನಮ್ಮ ಮಾತಿನಲ್ಲಿ ಹೇಳುವುದು. ಮನುಷ್ಯ, ಬದನೆಕಾಯಿ, ತಿಂದ, ಕೊಟ್ಟ. ಆಮೇಲೆ ತಾವೇ ವಾಕ್ಯ ಕಟ್ಟಿ, ಹೀಗೂ ಹೇಳಬಹುದೇ ಎಂದು ಕೇಳುವರು. ನಾನು ಹೂಂ ಎನ್ನುವೆ. ಕೊರಿಯಾದ ಒಬ್ಬ ಹುಡುಗ ಹಣೆಯ ಬೆವರು ಒರೆಸಿಕೊಂಡು ಏನೋ ಹೇಳಿದ. ಹೂಂ ಎಂದೆ. ನಲವತ್ತು ವರ್ಷದಲ್ಲಿ ನನ್ನ ಮಾತನ್ನು ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದವಳು ನಾಶಿ. ಬರ್ಮಾ ಗಡಿಯ ಗುಡ್ಡದ ಕಡೆಯವಳು, ಮೂವತ್ತರ ಆಸುಪಾಸು. ಇಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದು, ಅದನ್ನು ಬಿಟ್ಟು ಓದಲು ಬಂದಿದ್ದಳು. ಅವಳ ತಾಯಿಯ ಊರಿನ ಮಾತಿಗೆ ಲಿಪಿಯಿಲ್ಲ. ಅಲ್ಲಿನ ಮಕ್ಕಳು ಸಾಲಿಗೆ ಹೋದರೆ ಟೀಚರು ಹೇಳಿದ್ದು ತಿಳಿಯುವುದಿಲ್ಲ, ಮೊದಲ ವರ್ಷವೇ ಬಿಟ್ಟು ಬರುತ್ತಾರೆ. ಅವರ ಮಾತಿನಲ್ಲೇ ಮೊದಲ ಪುಸ್ತಕ ಮಾಡಲು ಸಂಸ್ಥೆ ಒಬ್ಬರನ್ನು ಕಳಿಸುವುದಿತ್ತು. ಈ ಕ್ಲಾಸು ಪಾಸಾದರೆ ನಾಶಿ ಹೋಗುವಳು. ಇಲ್ಲವಾದರೆ ಈ ವರ್ಷ ಯಾರೂ ಇಲ್ಲ, ಅವಳು ಮತ್ತೆ ಹೋಟೆಲಿಗೆ. ಅವಳು ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದಳು. ನಾನು ಅವಳಿಗೆ ಎಲ್ಲರಿಗಿಂತ ಹೆಚ್ಚು ಹೂಂ ಎಂದೆ.

ಶುಕ್ರವಾರ

ವಾರದ ಕೊನೆಗೆ ವಿದ್ಯಾರ್ಥಿಗಳು ತಾವು ಕಂಡುಹಿಡಿದದ್ದನ್ನು ಬೋರ್ಡಿನ ಮೇಲೆ ಬರೆದರು. ಕರುಣಾ ಮತ್ತು ಅಣ್ಣಾರು ಹೋಗಿ ನೋಡಿದರು. ಸಂಜೆ ಮನೆಗೆ ಬಂದವರೇ ಇಬ್ಬರೂ ಸೋಫಾದ ಮೇಲೆ ಕುಳಿತುಬಿಟ್ಟರು. ಕರುಣಾ ಬಹಳ ಸಮಾಧಾನದಿಂದ ಕೇಳಿದಳು.

"ನೀಲಾ, ಗೋಕಾಕದಾಗ ಬದನಿಕಾಯಿ ಮನಷ್ಯಾನ್ನ ತಿಂತೈತೇನ?"

"ಅದ್ಯಾಕ ತಿಂತೈತಿ?"

"ಮತ್ತ ಹೂಂ ಅಂದೀಯಂತಲ್ಲ."

"ಪಾಪ, ಆ ಹುಡುಗ ಬೆವರ ಒರಸ್ಕೋತ ಕೇಳಿದ್ನವ್ವಾ. ಇಲ್ಲ ಅನ್ನಾಕ ಬಾಯಿ ಹೆಂಗ ಬರ್ತೈತಿ?"

ಬೋರ್ಡಿನ ಪ್ರಕಾರ ನಮ್ಮ ಊರಿನಲ್ಲಿ ನಾಳೆ ಹೋದೆ ಎಂದೂ ಅನ್ನುತ್ತಾರಂತೆ, ನೀರು ನನ್ನನ್ನು ಕುಡಿಯಿತು ಎಂದೂ ಅನ್ನುತ್ತಾರಂತೆ. ಅಣ್ಣಾರು ನಗುವುದನ್ನು ತಡೆದುಕೊಂಡು, "ವೈನಿ, ನಿಮ್ಮ ಒಂದೊಂದ ಹೂಂಗೆ ಇಡೀ ಕ್ಲಾಸು ಒಂದ ವಾರ ದುಡದೈತ್ರಿ" ಎಂದರು. ಎಲ್ಲರದ್ದೂ ಕೆಟ್ಟಿತ್ತು. ನಾಶಿಯದು ಪೂರಾ ಕೆಟ್ಟಿತ್ತು.

ಮನೆಯವರಿಗೆ ಫೋನು ಮಾಡಿ ಹೇಳಿಕೊಂಡೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ನಕ್ಕು ನಕ್ಕು, "ನಿನ್ನಂಥಾ ಸಾಕ್ಷಿ ಸಿಕ್ಕರ ನಮ್ಮ ಕೋರ್ಟಿನ್ಯಾಗ ಎರಡೂ ಕಡೀ ವಕೀಲರು ಹಬ್ಬಾ ಮಾಡ್ತಾರ" ಎಂದರು.

ಅಂದಿನಿಂದ ಮನೆಯಲ್ಲಿ ನನಗೆ ಇಲ್ಲ ಎನ್ನುವ ತರಬೇತಿ. ಕರುಣಾ ಅನ್ನ ಬಡಿಸಲು ಬಂದು, ಬೇಕೇನ ಎನ್ನುವಳು. ಬೇಡ ಎನ್ನುವೆ. ಅವಳು ಬಡಿಸಿಬಿಡುವಳು, ಮೂಡಲಗಿಯವಳಲ್ಲವೇ, ಊಟದಲ್ಲಿ ಬೇಡ ಎಂದರೆ ಬೇಕು ಎಂದೇ ಅವಳೂ ಕಲಿತದ್ದು. ಆಮೇಲೆ ನೆನಪಾಗಿ ಇಬ್ಬರೂ ಬಡಿಸಿದ ಅನ್ನದ ಮುಂದೆ ನಗುತ್ತ ಕೂರುವೆವು. ಅಣ್ಣಾರು ಖುರ್ಚಿ ಎಳೆದುಕೊಂಡು ಕೂತು, ಗೋಕಾಕದಲ್ಲಿ ಹೊಳೆಯೇ ಇಲ್ಲ ಹೌದಲ್ರಿ ಎಂದು ಕೇಳುವರು. ಘಟಪ್ರಭೆಯ ನೀರು ಕುಡಿದು ಬೆಳೆದ ನಾನು, "ಮಳಿಗಾಲದಾಗ ಅಷ್ಟ ಇರ್ತೈತ್ರಿ" ಎಂದು ಅರ್ಧ ದಾರಿ ಅವರ ಕಡೆಗೆ ಹೋಗಿ ಬರುತ್ತಿದ್ದೆ. ಕಾನ್ವೆಂಟಿನಲ್ಲಿ ಎದ್ದು ನಿಂತು ಯೆಸ್ ಸಿಸ್ಟರ್ ಎಂದು ಹತ್ತು ವರ್ಷ ಹೇಳಿಸಿದರು. ನೋ ಸಿಸ್ಟರ್ ಎಂದು ಒಂದು ದಿನವಾದರೂ ಹೇಳಿಸಬೇಕಿತ್ತು.

ಅಡಿಗೆಮನೆ

ಎರಡನೆಯ ವಾರ ನಾನು ಕ್ಲಾಸಿನಲ್ಲಿ ಸ್ವಲ್ಪ ಸುಧಾರಿಸಿದೆ. ಹೂಂ ಎನ್ನುವ ಬದಲು 'ಅನ್ನಬಹುದೇನೋ' ಎನ್ನತೊಡಗಿದೆ. ಅದರಿಂದ ಅವರಿಗೆ ಇನ್ನೂ ಕಷ್ಟವಾಯಿತು. ಉಳಿದವರು ಹೇಗೋ ನನ್ನ ಹುಬ್ಬು, ಕೆಮ್ಮು ಎಲ್ಲ ನೋಡಿಕೊಂಡು ತಮ್ಮ ಬರೆಹ ತಿದ್ದಿಕೊಂಡರು. ನಾಶಿ ಕೇಳುವಾಗ ಮಾತ್ರ ನನಗೆ ಹೋಟೆಲಿನ ನೆನಪಾಗುತ್ತಿತ್ತು, ಅವಳು ಅಲ್ಲಿ ಬಾಗಿಲ ಬಳಿ ಕೈಮುಗಿದು ನಿಂತಂತೆ ಕಾಣುತ್ತಿತ್ತು. ಬಾಯಿ ತಾನೇ ಹೂಂ ಎಂದುಬಿಡುತ್ತಿತ್ತು. ಅವಳಿಗೆ ಒಳ್ಳೆಯದು ಮಾಡಬೇಕೆಂದೇ ಅವಳನ್ನು ಕೆಡಿಸುತ್ತಿದ್ದೇನೆ ಎಂದು ತಿಳಿದೂ.

ಸಂಜೆ ಅವಳು ನಮ್ಮ ಜೊತೆಗೇ ಮನೆಗೆ ಬರತೊಡಗಿದಳು. ಕ್ಲಾಸಿನ ಮಾತು ಎತ್ತುತ್ತಿರಲಿಲ್ಲ. ರೊಟ್ಟಿ ಮಾಡುವುದನ್ನು ಕಲಿಯುತ್ತೇನೆ ಎಂದಳು. ಅವರದು ಅಂಟಿನ ಅನ್ನ. ಬಿದಿರ ಬುಟ್ಟಿಯಲ್ಲಿ ಇಟ್ಟು, ಕೈಯಲ್ಲೇ ಉಂಡೆ ಮಾಡಿ ಪಲ್ಯದಲ್ಲಿ ಅದ್ದಿ ತಿನ್ನುತ್ತಾರೆ. ಚಮಚ ಬಿಟ್ಟು ಕೈಯಿಂದ ತಿನ್ನುವವರನ್ನು ಕಂಡರೆ ನನಗೆ ಭರವಸೆ. ಕಲಿಸಿದೆ. ಆದರೆ ಆ ಹುಡುಗಿ ಬಿಸಿನೀರು ಹೆಚ್ಚು ಹಾಕುವಳು, ನಾದುವಾಗ ಬೆರಳ ತುದಿ ಮಾತ್ರ ಹಚ್ಚುವಳು, ರೊಟ್ಟಿ ತಿರುಗಿಸದೆ ಒಂದೇ ಕಡೆ ಬಡಿಯುವಳು. ಸಿಟ್ಟು ಬರದೆ ಇರುತ್ತದೆಯೇ? 'ಹಂಗಲ್ಲವ್ವಾ, ಹಂಗಲ್ಲ' ಎಂದು ಕೈಗೆ ಒಂದು ಏಟು ಕೊಟ್ಟು ಹಿಟ್ಟು ಕಸಿದುಕೊಳ್ಳುತ್ತಿದ್ದೆ. ಅವಳು ಬೈಸಿಕೊಂಡು ನಕ್ಕು ಮತ್ತೆ ಬಡಿಯುವಳು. ಕರುಣಾ ಬಾಗಿಲಿಗೆ ಆತು ನಿಂತು ನಮ್ಮಿಬ್ಬರನ್ನೂ ನೋಡುವಳು. ಏನೋ ಹೇಳಲು ಬಾಯಿ ತೆರೆದು, ಟೀಚರಮ್ಮನ ನೇಮ ನೆನಪಾಗಿ, ನೀರು ಕುಡಿದು ಹೋಗುವಳು.

ಪರೀಕ್ಷೆ

ಪರೀಕ್ಷೆ ಮಾಡಲು ಹಾಲೆಂಡಿನಿಂದ ಒಬ್ಬ ಮುದುಕರು ಬಂದರು. ಎತ್ತರದ ಆಳು, ಬರಿಗಾಲು, ಚಪ್ಪಲಿ ಹೊರಗೆ ಬಿಡುವ ಪದ್ಧತಿಗೆ ಸಾಕ್ಸನ್ನೂ ಬಿಟ್ಟಿದ್ದರು. ನಿಯಮ ಹೀಗಿತ್ತು: ವಿದ್ಯಾರ್ಥಿ ತಾನು ಬರೆದದ್ದನ್ನು ಮೊದಲು ಒಪ್ಪಿಸಬೇಕು, ಆಮೇಲೆ ಎಲ್ಲರೆದುರು ನನ್ನಿಂದ ಮಾತು ಹೊರಡಿಸಿ, ಅದು ಸರಿಯೋ ತಪ್ಪೋ ತಾನೇ ತೋರಿಸಬೇಕು. ತಪ್ಪಿದ್ದರೂ ಚಿಂತೆಯಿಲ್ಲ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಬೇಕು. ಕಂಡುಹಿಡಿಯಬೇಕಾದರೆ ನಾನು ಇಲ್ಲ ಎನ್ನಬೇಕು.

ಬೆಳಿಗ್ಗೆ ಪೂಜೆಯಲ್ಲಿ ಅದನ್ನೇ ಬೇಡಿಕೊಂಡಿದ್ದೆ. ಅಣ್ಣಾರ ಪ್ರಾರ್ಥನೆಯ ಬಸ್ಸೂ ಆ ದಿನ ನನ್ನ ಸ್ಟಾಪಿನಲ್ಲಿ ಬಹಳ ಹೊತ್ತು ನಿಂತಿತ್ತು. ಕೊರಿಯಾದ ಹುಡುಗನಿಗೆ ಒಂದು 'ಇಲ್ಲ' ಎಂದೆ, ಕಷ್ಟಪಟ್ಟು, ನೆಲ ನೋಡಿಕೊಂಡು. ಅವನು ಥ್ಯಾಂಕ್ಯೂ ಎಂದ. ನನಗೆ ಬೆವರು ಬಂತು.

ಕೊನೆಯವಳು ನಾಶಿ. ಅವಳು ಹಾಳೆಗಳ ಜೊತೆ ಒಂದು ಚೀಲ ತಂದಿದ್ದಳು. ಖುರ್ಚಿ ಬದಿಗೆ ಸರಿಸಿ, ನೆಲದ ಮೇಲೆ ಕರುಣಾಳ ಪರಾತ ಇಟ್ಟು, ಜೋಳದ ಹಿಟ್ಟು ಸುರಿದು, ಫ್ಲಾಸ್ಕಿನಿಂದ ಬಿಸಿನೀರು ಹಾಕಿದಳು. ನಾನು ಉಳಿಸಿಟ್ಟಿದ್ದ ಕೊನೆಯ ಹಿಟ್ಟು ಅದು. ಕರುಣಾಳ ಮುಖ ಸಣ್ಣದಾದದ್ದನ್ನು ನೋಡಿದೆ. ಹಾಲೆಂಡಿನವರು ಕನ್ನಡಕ ಏರಿಸಿಕೊಂಡರು. ಹಿಟ್ಟು ನೆಲದ ಮೇಲಿರುವಾಗ ನಾನು ಮೆತ್ತನೆಯ ಖುರ್ಚಿಯಲ್ಲಿ ಹೇಗೆ ಕೂರಲಿ? ಸೆರಗು ಸಿಕ್ಕಿಸಿ ಇಳಿದು ಕೂತೆ.

ನಾಶಿ ನನ್ನನ್ನು ಏನೂ ಕೇಳಲಿಲ್ಲ. ನಾದತೊಡಗಿದಳು, ಬೆರಳ ತುದಿಯಿಂದ. ನಾದುತ್ತಲೇ ತನ್ನಷ್ಟಕ್ಕೆ ಎಂಬಂತೆ ನಮ್ಮ ಮಾತಿನಲ್ಲಿ ಹೇಳಿದಳು. "ನಾ ರೊಟ್ಟಿ ಬಡೀತೇನಿ." ಸರಿಯಿತ್ತು, ಸುಮ್ಮನಿದ್ದೆ. ಒಂದು ಉಂಡೆ ಮುರಿದು ಬಡಿಯುತ್ತ, "ರೊಟ್ಟಿ ನನ್ನ ಬಡೀತೈತಿ" ಎಂದಳು.

"ಹಂಗಲ್ಲ" ಎಂದೆ. "ರೊಟ್ಟಿ ಹೆಂಗ ನಿನ್ನ ಬಡೀತೈತಿ, ಖೋಡಿ? ನೀ ಬಡೀತಿ ರೊಟ್ಟಿನ್ನ. ಮೊದಲ ಅಂಗೈ ಹಚ್ಚಿ ನಾದು."

ಅವಳು ಹಾಳೆ ಎಳೆದುಕೊಂಡು ಹಿಟ್ಟಿನ ಕೈಯಿಂದಲೇ ಒಂದು ಸಾಲು ಹೊಡೆದು ಹಾಕಿದಳು. ಮತ್ತೆ ಬಡಿದಳು. "ನಾಳಿ ರೊಟ್ಟಿ ಬಡದ್ನಿ." ಅಲ್ಲ ಎಂದೆ, ನಾಳೆಯದಾದರೆ ಬಡೀತೇನಿ ಎಂದೆ, ತಿರುಗಿಸು ಎಂದೆ, ಅಂಚು ಸೀಳಿದ್ದು ಕಾಣುವುದಿಲ್ಲವೇ ಎಂದೆ. ಅವಳು ಇನ್ನೊಂದು ಸಾಲು ಹೊಡೆದಳು. ಮಾತಿನ ತಪ್ಪಿಗೂ ಕೈಯ ತಪ್ಪಿಗೂ ಒಟ್ಟಿಗೇ ಬೈಯುತ್ತಿದ್ದೆ. ನನಗೆ ಪರೀಕ್ಷೆಯ ನೆನಪೇ ಇರಲಿಲ್ಲ. ನೆನಪಾಗುವಷ್ಟರಲ್ಲಿ ಅವಳ ಹಾಳೆಯ ಮೇಲೆ ಹಳೆಯ ಸಾಲುಗಳೆಲ್ಲ ಹೊಡೆದು, ಬದಿಯಲ್ಲಿ ಹೊಸವು ಬಂದಿದ್ದವು. ಅಣ್ಣಾರು ಕನ್ನಡಕ ತೆಗೆದು ಒರೆಸುತ್ತಿದ್ದರು, ಅದರ ಮೇಲೆ ಧೂಳೇನೂ ಇರಲಿಲ್ಲ.

ಹಾಲೆಂಡಿನವರು ಇದೇನು ರೀತಿ ಎಂದು ನಾಶಿಯನ್ನು ಕೇಳಿದರು. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಖುರ್ಚಿಯ ಮೇಲೆ ಕೂತಾಗ ಇವರಿಗೆ ನಾವೆಲ್ಲ ಅತಿಥಿಗಳು, ಅತಿಥಿಗೆ ಇವರು ಇಲ್ಲ ಎನ್ನುವುದಿಲ್ಲ. ನನ್ನ ತಾಯಿಯ ಊರಿನ ಮುದುಕಿಯರೂ ಹೀಗೇ. ನಾನು ಪಟ್ಟಣದ ಚಪ್ಪಲಿ ಹಾಕಿಕೊಂಡು ಹೋಗಿ ಕೇಳಿದರೆ ಎಲ್ಲದಕ್ಕೂ ಹೌದು ಎನ್ನುತ್ತಾರೆ. ಅದಕ್ಕೇ ನಾನು ಬೈಸಿಕೊಳ್ಳುವ ಜಾಗ ಹುಡುಕಿ ಕೂರಬೇಕು.

ಅವರು ಏನೋ ಬರೆದುಕೊಂಡು, ನನ್ನತ್ತ ತಿರುಗಿ, ನಿಮ್ಮ ಮನೆಯಲ್ಲಿ ದಿನಾ ಇಷ್ಟು ಬಿಗಿಯೇ ಎಂದು ಕೇಳಿದರು. ಹೂಂ ಎಂದೆ. ಅದು ಮಾತ್ರ ಖರೆ ಹೂಂ.

ಪಿಕಪ್ ಗಾಡಿ

ನಾಶಿ ಪಾಸಾದಳು. ನನ್ನ ವಿಮಾನಕ್ಕಿಂತ ಮುಂಚೆಯೇ ಅವಳು ಹೊರಟಳು. ಗುಡ್ಡದ ಕಡೆಗೆ ಹೋಗುವ ಪಿಕಪ್ ಗಾಡಿ ಕಟ್ಟಡದ ಮುಂದೆ ಬಂದು ನಿಂತಿತು. ಮೇಲೆ ಅಕ್ಕಿ ಚೀಲ, ಒಂದು ಫ್ಯಾನು, ಕೋಳಿ ಬುಟ್ಟಿ, ನಮ್ಮ ಮೂಡಲಗಿ ಸಂತೆಯ ಗಾಡಿಗೆ ಏನೂ ಕಡಿಮೆಯಿಲ್ಲ. ಕರುಣಾ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು, ಗಂಡನಿಗಿಂತ ಬಹಳ ಚಿಕ್ಕದು.

ನಾಶಿ ನನ್ನ ಎರಡೂ ಕೈ ಹಿಡಿದುಕೊಂಡಳು. ಆ ಊರಿಗೆ ದಾರಿ ಅರ್ಧಕ್ಕೇ ಮುಗಿಯುತ್ತದೆ, ಮುಂದೆ ನಡೆದು ಹತ್ತಬೇಕು ಎಂದು ಮೊದಲೇ ಹೇಳಿದ್ದಳು. ನನ್ನ ಮೊಣಕಾಲು ನನಗೆ ಗೊತ್ತು. ಮನೆಯವರ ಸಕ್ಕರೆ ಕಾಯಿಲೆಯೂ ಗೊತ್ತು. ಮತ್ತೊಮ್ಮೆ ಈ ದೇಶಕ್ಕೆ ಬರುವುದು ನನ್ನ ಹಣೆಯಲ್ಲಿ ಇದ್ದಂತೆ ಕಾಣುವುದಿಲ್ಲ.

"ನಮ್ಮ ಊರಿಗೆ ಬರ್ತೀರೇನ್ರಿ?" ಎಂದು ನಮ್ಮ ಮಾತಿನಲ್ಲೇ ಕೇಳಿದಳು. ಒಂದು ಅಕ್ಷರ ತಪ್ಪಿರಲಿಲ್ಲ.

ನೋಡೂಣವ್ವ ಎನ್ನಬಹುದಿತ್ತು. ಹೊಂದಿದ್ರ ಬರ್ತೀನಿ ಎನ್ನಬಹುದಿತ್ತು. ಬೇರೆ ಯಾರಾದರೂ ಕೇಳಿದ್ದರೆ ಹಾಗೇ ಎನ್ನುತ್ತಿದ್ದೆ.

"ಇಲ್ಲವ್ವ" ಎಂದೆ. "ನನಗ ಬರಾಕ ಆಗೂದಿಲ್ಲ."

ನಾಶಿ ತಲೆಯಾಡಿಸಿದಳು. ನನ್ನ ಕೈ ಒಮ್ಮೆ ಒತ್ತಿ ಬಿಟ್ಟಳು. ಆಮೇಲೆ ಅಕ್ಕಿ ಚೀಲದ ಮೇಲೆ ಹತ್ತಿ ಕೂತಳು.